ಹೊರಡುವ ಮೊದಲು ಒಂದು ಸಹಿ

ಈ ಮಾಲಿಕೆಗೆ ಕೇಳುಗರಿಂದ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಮಗಳು ರಂಗಶಿಕ್ಷಣದ ಪದವಿಯಲ್ಲಿದ್ದಾಳೆ, ಅಥವಾ ಮಗ ನೃತ್ಯ ಓದುತ್ತಿದ್ದಾನೆ. ವಿನಿಮಯ ವಿದ್ಯಾರ್ಥಿಯಾಗಿ ಒಂದು ಸೆಮಿಸ್ಟರ್ ಜರ್ಮನಿಗೋ ಇಂಗ್ಲೆಂಡಿಗೋ ಹೋಗುವ ಅವಕಾಶ ಬಂದಿದೆ. ಹೋದರೆ ಇಲ್ಲಿಯ ಅರ್ಧ ವರ್ಷ ಹಾಳಾಗುವುದಿಲ್ಲವೇ? ತಂದೆತಾಯಿಯರ ಈ ಆತಂಕ ನ್ಯಾಯವಾದದ್ದೇ.

ಹಾಳಾಗಬೇಕಿಲ್ಲ. ಆದರೆ ಹಾಗೆ ಹಾಳಾದದ್ದನ್ನು ರಂಗಶಿಕ್ಷಕನಾಗಿ ನಾನು ಹತ್ತಿರದಿಂದ ಕಂಡಿದ್ದೇನೆ. ಪ್ರತಿ ಸಲವೂ ಮಕ್ಕಳು ಅಲ್ಲಿ ಚೆನ್ನಾಗಿಯೇ ಕಲಿತಿದ್ದರು, ಕೈಕೊಟ್ಟದ್ದು ಕಾಗದಪತ್ರ. ಇವತ್ತು ಹೆಚ್ಚು ಹೊತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ವಿನಿಮಯ ವಿದ್ಯಾರ್ಥಿ ಬೇರೆ, ಸಂದರ್ಶಕ ವಿದ್ಯಾರ್ಥಿ ಬೇರೆ. ಎರಡು ವಿಶ್ವವಿದ್ಯಾಲಯಗಳ ನಡುವೆ ಒಡಂಬಡಿಕೆ ಇದ್ದು ಅದರ ಅಡಿಯಲ್ಲಿ ಹೋಗುವವರು ಸಾಮಾನ್ಯವಾಗಿ ಇಲ್ಲಿಯ ಶುಲ್ಕವನ್ನು ಇಲ್ಲೇ ಕಟ್ಟುತ್ತಾರೆ, ಅಲ್ಲಿ ಬೋಧನಾ ಶುಲ್ಕ ಇರುವುದಿಲ್ಲ. ಒಡಂಬಡಿಕೆ ಇಲ್ಲದೆ ನೇರವಾಗಿ ಅರ್ಜಿ ಹಾಕಿ ಹೋಗುವವರು ಅಲ್ಲಿಯ ಪೂರ್ತಿ ಶುಲ್ಕ ಕಟ್ಟಬೇಕಾಗಬಹುದು, ಅದು ಲಕ್ಷಗಟ್ಟಲೆ. ಇಬ್ಬರಿಗೂ ಅಲ್ಲಿಯ ಪದವಿ ಸಿಗುವುದಿಲ್ಲ. ಸಿಗುವುದು ಒಂದು ಅಂಕಪಟ್ಟಿ ಮಾತ್ರ. "ಲಂಡನ್ನಿನ ಡಿಗ್ರಿ ಬರುತ್ತದಂತೆ" ಎಂದು ಯಾರಾದರೂ ಏಜೆಂಟರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ವಿನಿಮಯಕ್ಕೆ ಏಜೆಂಟರು ಬೇಕಾಗಿಯೇ ಇಲ್ಲ.

ಪದವಿ ಸಿಗದಿದ್ದರೆ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಜರ್ಮನಿಯ ನೃತ್ಯಸಂಯೋಜಕಿ ಪೀನಾ ಬೌಶ್ ಅವರ ಹೆಸರು ಹೇಳುತ್ತೇನೆ. ಎಸ್ಸೆನ್ ನಗರದ ಫೋಕ್‌ವಾಂಗ್ ಶಾಲೆಯಲ್ಲಿ ಕುರ್ಟ್ ಯೋಸ್ ಅವರ ಬಳಿ ಕಲಿತ ಈ ಹುಡುಗಿ, ಇಪ್ಪತ್ತರ ಆಸುಪಾಸಿನಲ್ಲಿ, ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಗೆ ವಿಶೇಷ ವಿದ್ಯಾರ್ಥಿನಿಯಾಗಿ ಹೋದರು. ಆಂಟನಿ ಟ್ಯೂಡರ್, ಹೊಸೆ ಲಿಮೋನ್ ಅಂಥವರ ಬಳಿ ಕಲಿತರು. 1962ರಲ್ಲಿ ಯೋಸ್ ಅವರ ಕರೆಗೆ ಓಗೊಟ್ಟು ಜರ್ಮನಿಗೆ ಮರಳಿದರು. 1973ರಲ್ಲಿ ವುಪರ್ಟಾಲ್ ನಗರದ ನೃತ್ಯತಂಡದ ಹೊಣೆ ಹೊತ್ತು ನೃತ್ಯರಂಗಭೂಮಿಯ ದಿಕ್ಕನ್ನೇ ಬದಲಿಸಿದರು. ಆ ನ್ಯೂಯಾರ್ಕ್ ದಿನಗಳು ವ್ಯರ್ಥವಾದವು ಎಂದು ಯಾರು ತಾನೇ ಹೇಳುತ್ತಾರೆ?

ಆದರೆ ಬೌಶ್ ಆಗಲೇ ಫೋಕ್‌ವಾಂಗ್‌ನ ಓದು ಮುಗಿಸಿ ಹೋಗಿದ್ದರು. ನಮ್ಮ ಮಕ್ಕಳು ಹೋಗುವುದು ಓದಿನ ನಡುವೆ. ಕಷ್ಟ ಶುರುವಾಗುವುದು ಅಲ್ಲಿಂದಲೇ.

ಈಗ ಕ್ರೆಡಿಟ್ಟಿನ ವಿಷಯ. ಯುರೋಪಿನ ಲೆಕ್ಕದಲ್ಲಿ ಒಂದು ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರಿಗೆ 30. ಇಂಗ್ಲೆಂಡಿನಲ್ಲಿ ವರ್ಷಕ್ಕೆ 120, ಅರ್ಧ ವರ್ಷಕ್ಕೆ 60. ಅಮೆರಿಕದಲ್ಲಿ ಸೆಮಿಸ್ಟರಿಗೆ ಸಾಮಾನ್ಯವಾಗಿ 15. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 1200 ಕಲಿಕಾ ಗಂಟೆ, 40 ಕ್ರೆಡಿಟ್, ಸೆಮಿಸ್ಟರಿಗೆ 20. ಒಂದೇ ರಾಶಿಯ ಭತ್ತವನ್ನು ಕೊಳಗದಲ್ಲಿ ಅಳೆದರೆ ಒಂದು ಲೆಕ್ಕ, ಸೇರಿನಲ್ಲಿ ಅಳೆದರೆ ಇನ್ನೊಂದು. ರಾಶಿ ಮಾತ್ರ ಅಷ್ಟೇ. 30 ತಂದವಳು 20 ತಂದವಳಿಗಿಂತ ಹೆಚ್ಚು ಓದಿಲ್ಲ, 15 ತಂದವನು ಕಡಿಮೆ ಓದಿಲ್ಲ. ಎಲ್ಲರೂ ಓದಿದ್ದು ಒಂದು ಸೆಮಿಸ್ಟರ್.

ಪ್ರದರ್ಶನ ಕಲೆಗಳಲ್ಲಿ ಇನ್ನೂ ಒಂದು ತೊಡಕಿದೆ. ನಮ್ಮಲ್ಲಿ ಪ್ರಾಯೋಗಿಕ ಪಾಠದ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಎರಡು ಗಂಟೆ ಗುರುಗಳ ಮುಂದೆ ಅಭ್ಯಾಸ. ಯುರೋಪಿನ ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ. ಅದರಲ್ಲಿ ತರಗತಿಯೂ ಸೇರಿದೆ, ಒಬ್ಬಳೇ ಕೂತು ಮಾಡಿದ ಅಭ್ಯಾಸವೂ ತಾಲೀಮೂ ದಿನಚರಿ ಬರೆದದ್ದೂ ಸೇರಿವೆ. ಆದ್ದರಿಂದ ಅಲ್ಲಿಯ ಪಠ್ಯವಿವರದಲ್ಲಿ ತರಗತಿಯ ಗಂಟೆ ಕಡಿಮೆ ಕಾಣುತ್ತದೆ. ಇಲ್ಲಿ ಪರೀಕ್ಷಾ ವಿಭಾಗದ ಮೇಜಿನ ಮೇಲೆ ಅದನ್ನಿಟ್ಟಾಗ, "ಗಂಟೆ ಸಾಲದು" ಎಂದು ಫೈಲು ಹಿಂದಕ್ಕೆ ಬರುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ದೇಹಾಭಿನಯದಲ್ಲಿ ಎಷ್ಟು ಬೆಳೆದು ಬಂದಿದ್ದಳೆಂದರೆ, ಅವಳು ರಂಗದ ಮೇಲೆ ಸುಮ್ಮನೆ ನಡೆದರೂ ನಾವು ನೋಡುತ್ತ ಕೂರುತ್ತಿದ್ದೆವು. ಅವಳಿಂದಲೇ ಅದೇ ಪತ್ರಿಕೆಗಳನ್ನು ಮತ್ತೆ ಬರೆಸಿದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಇದಕ್ಕೆ ಮದ್ದು ಒಂದೇ. ಹೊರಡುವ ಮೊದಲು ಸಹಿ. ಲರ್ನಿಂಗ್ ಅಗ್ರಿಮೆಂಟ್ ಎಂಬ ಕಾಗದವಿದೆ. ಅಲ್ಲಿಯ ಯಾವ ಪಾಠ ಇಲ್ಲಿಯ ಯಾವ ಪತ್ರಿಕೆಗೆ ಸಮ, ಎಷ್ಟು ಕ್ರೆಡಿಟ್ಟಿಗೆ ಎಷ್ಟು, ಅಲ್ಲಿಯ ಶ್ರೇಣಿ ಇಲ್ಲಿ ಯಾವ ಶ್ರೇಣಿ: ಎಲ್ಲವನ್ನೂ ಅದರಲ್ಲಿ ಬರೆದು ವಿದ್ಯಾರ್ಥಿ, ಇಲ್ಲಿಯ ವಿಶ್ವವಿದ್ಯಾಲಯ, ಅಲ್ಲಿಯ ವಿಶ್ವವಿದ್ಯಾಲಯ, ಮೂವರೂ ಸಹಿ ಹಾಕಬೇಕು. ನಿಮ್ಮ ವಿಭಾಗದ ಮುಖ್ಯಸ್ಥರ ಸಹಿಯೊಂದೇ ಇದ್ದರೆ ಸಾಲದು. ಅಧ್ಯಯನ ಮಂಡಳಿಯ ಒಪ್ಪಿಗೆ, ಮೌಲ್ಯಮಾಪನದ ಕುಲಸಚಿವರ ಸಹಿ ಬೇಕು. ಬಂದ ಮೇಲೆ ಮಾಡಿಸಿಕೊಳ್ಳೋಣ ಎನ್ನಬೇಡಿ. ಆಗ ನಿಮ್ಮ ಕೈಯಲ್ಲಿ ಬೇಡಿಕೆ ಇರುತ್ತದೆ, ಹೋಗುವ ಮೊದಲೇ ಮಾಡಿಸಿಕೊಂಡರೆ ಒಪ್ಪಂದ ಇರುತ್ತದೆ. ವಿದ್ಯಾರ್ಥಿಗಳ ಕ್ರೆಡಿಟ್ ಕೂಡಿಡುವ ಕ್ರೆಡಿಟ್ ಬ್ಯಾಂಕ್ ಬಂದಿದೆಯಲ್ಲ, ತಾನಾಗಿ ಜಮೆಯಾಗುತ್ತದೆ ಎಂದುಕೊಂಡವರಿದ್ದಾರೆ. ವಿದೇಶದ ಕ್ರೆಡಿಟ್ ತಾನಾಗಿ ಬಂದು ಕೂರುವುದಿಲ್ಲ; ನಿಮ್ಮ ವಿಶ್ವವಿದ್ಯಾಲಯ ಒಪ್ಪಬೇಕು. ಮತ್ತೊಮ್ಮೆ ಹೇಳುತ್ತೇನೆ: ವಿಮಾನದ ಟಿಕೆಟ್ಟಿಗಿಂತ ಮೊದಲು ಸಹಿ.

ಸಹಿಯಾದ ಕಾಗದ ಅಲ್ಲಿಗೆ ಹೋದ ಮೇಲೆ ಬದಲಾಗುತ್ತದೆ, ಇದೂ ತಿಳಿದಿರಲಿ. ದೊಡ್ಡ ನಟನಾ ಶಾಲೆಗಳಲ್ಲಿ ಆಡಿಷನ್ ಮಾಡಿ ಆರಿಸಿಕೊಂಡ ಸಣ್ಣ ತಂಡವೊಂದು ಮೂರು ನಾಲ್ಕು ವರ್ಷ ಒಟ್ಟಿಗೇ ಬೆಳೆಯುತ್ತದೆ. ನಾಲ್ಕು ತಿಂಗಳಿಗೆ ಬಂದವರನ್ನು ಅದರ ನಡುವೆ ಕೂರಿಸುವುದು ಅವರಿಗೆ ಕಷ್ಟ. ಅದನ್ನು ತಾರತಮ್ಯವೆಂದು ತಿಳಿಯಬೇಡಿ. ವಿಶ್ವವಿದ್ಯಾಲಯಗಳ ನಾಟಕ ವಿಭಾಗಗಳಲ್ಲೂ ಪ್ರಾಯೋಗಿಕ ತರಗತಿಗಳಿಗೆ ಮಿತಿಯಿರುತ್ತದೆ. ನೀವು ಬರೆದುಕೊಂಡು ಹೋದ ನಟನೆಯ ತರಗತಿ ಭರ್ತಿಯಾಗಿ, ನಾಟಕ ವಿಮರ್ಶೆಯ ಸೆಮಿನಾರ್ ಸಿಗಬಹುದು. ಸಿಕ್ಕ ವಾರವೇ ಇಲ್ಲಿಗೆ ಬರೆದು ಬದಲಾವಣೆಗೆ ಒಪ್ಪಿಗೆ ತರಿಸಿಕೊಳ್ಳಿ. ಕೆಲವು ಕಾರ್ಯಾಗಾರಗಳಿಗೆ ಅಂಕವಿಲ್ಲ, ಉತ್ತೀರ್ಣ ಎಂದಷ್ಟೇ ಬರೆಯುತ್ತಾರೆ. ನಮ್ಮ ಶ್ರೇಣಿಯ ಸರಾಸರಿಗೆ ಅದನ್ನು ಸೇರಿಸುವುದು ಹೇಗೆಂಬುದೂ ಮೊದಲೇ ಬರೆದಿರಲಿ.

ಕಾಲದ ಹೊಂದಾಣಿಕೆ ನೋಡಿ. ಜರ್ಮನಿಯ ಚಳಿಗಾಲದ ತರಗತಿಗಳು ಅಕ್ಟೋಬರ್ ನಡುವಿನಿಂದ ಫೆಬ್ರವರಿಯವರೆಗೆ. ಅಲ್ಲಿ ಸೆಮಿಸ್ಟರಿನ ಕೊನೆಗೇ ನಾಟಕ ರಂಗಕ್ಕೆ ಬರುವುದು. ಇಲ್ಲಿಯ ಪರೀಕ್ಷೆಗೆಂದು ಡಿಸೆಂಬರಿನಲ್ಲೇ ಓಡಿ ಬಂದವರು ತಾಲೀಮು ಮಾಡಿದ ನಾಟಕವನ್ನೇ ಆಡದೆ ಬರುತ್ತಾರೆ. ಕಡ್ಡಾಯ ಪತ್ರಿಕೆಗಳು ಕಡಿಮೆ ಇರುವ ಸೆಮಿಸ್ಟರನ್ನು ಆರಿಸಿಕೊಳ್ಳಿ. ಕೊನೆಯ ಸೆಮಿಸ್ಟರ್ ಬೇಡವೇ ಬೇಡ.

ಮಕ್ಕಳು ನಮ್ಮ ಕಲೆಯನ್ನು ಮರೆತು ಬಂದಾರು ಎಂದು ಬರೆಯುವವರೂ ಇದ್ದಾರೆ. ಈ ಭಯವನ್ನು ನಾನು ಒಪ್ಪುವುದಿಲ್ಲ. ರಂಗನಿರ್ದೇಶಕ ಹಬೀಬ್ ತನ್ವೀರ್ 1955ರಲ್ಲಿ ಇಂಗ್ಲೆಂಡಿಗೆ ಹೋಗಿ ಕಲಿತರು, ಬರ್ಲಿನ್ನಿನಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್ ಅವರ ತಂಡದ ನಾಟಕಗಳನ್ನು ತಿಂಗಳುಗಟ್ಟಲೆ ನೋಡಿದರು. ಮರಳಿ ಬಂದವರು 1958ರಲ್ಲೇ ಛತ್ತೀಸ್‌ಗಢದ ಹಳ್ಳಿಯ ಕಲಾವಿದರನ್ನು ಕರೆತಂದು ಮೃಚ್ಛಕಟಿಕವನ್ನು ಆಡಿಸಿದರು. ನಮ್ಮ ಕಡೆಗೆ ಬಂದವರನ್ನೂ ನೋಡಿ. ಅಮೆರಿಕದ ಮಾರ್ಥಾ ಆಶ್ಟನ್ ಉಡುಪಿಗೆ ಬಂದು ಯಕ್ಷಗಾನ ಕಲಿತು, ಅದರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದರು.

ಸಮಯ ಕಡಿಮೆ ಉಳಿದಿದೆ. ಹಣ, ಚಳಿ, ಊಟದ ಬಗ್ಗೆ ಕೇಳಿದವರು ಕ್ಷಮಿಸಬೇಕು, ಅವನ್ನೆಲ್ಲ ಬಿಡುತ್ತೇನೆ. ಕಲಾವಿದರಿಗಷ್ಟೇ ಅನ್ವಯಿಸುವ ಒಂದು ಮಾತು ಮಾತ್ರ ಹೇಳಲೇಬೇಕು. ಅಲ್ಲಿಯ ಕನ್ನಡ ಕೂಟದವರು ರಾಜ್ಯೋತ್ಸವಕ್ಕೆ ಪ್ರೀತಿಯಿಂದ ಕರೆಯುತ್ತಾರೆ, ಒಂದು ನೃತ್ಯ ಮಾಡು, ಗೌರವಧನ ಕೊಡುತ್ತೇವೆ ಎನ್ನುತ್ತಾರೆ. ವಿದ್ಯಾರ್ಥಿಗೆ ವಾರಕ್ಕೆ ಇಂತಿಷ್ಟು ಗಂಟೆ ದುಡಿಯಲು ಬಿಡುತ್ತಾರಲ್ಲ ಎಂದು ಒಪ್ಪಿಕೊಳ್ಳಬೇಡಿ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಅಂಗಡಿಯಲ್ಲಿ ದುಡಿಯಲು ಅವಕಾಶವಿದ್ದರೂ ವೃತ್ತಿಪರ ಮನರಂಜನಾ ಕಲಾವಿದರಾಗಿ ದುಡಿಯಲು ಅವಕಾಶವಿಲ್ಲ. ಆರು ತಿಂಗಳೊಳಗಿನ ಓದಿಗೆ ಸಂದರ್ಶಕ ವೀಸಾದಲ್ಲಿ ಹೋದವರು ಅಲ್ಲಿ ದುಡಿಯುವಂತೆಯೇ ಇಲ್ಲ. ಜರ್ಮನಿಯಲ್ಲಿ ಸ್ವತಂತ್ರ ಕಲಾವಿದರಾಗಿ ಸಂಭಾವನೆ ಪಡೆಯಲು ವಿದೇಶಿಯರ ಕಚೇರಿಯಿಂದ ಬೇರೆಯೇ ಅನುಮತಿ ಬೇಕು. ಕೂಟದವರಿಗೆ ಹೌದು ಎನ್ನುವ ಮೊದಲು ಅಲ್ಲಿಯ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗಕ್ಕೆ ಹೋಗಿ, ಸಂಭಾವನೆ ಇಲ್ಲದ ಕಾರ್ಯಕ್ರಮವಾದರೂ ಸರಿ, ಕೇಳಿ. ಉತ್ತರವನ್ನು ಬರಹದಲ್ಲಿ ಪಡೆದುಕೊಂಡ ಮೇಲೆಯೇ ಗೆಜ್ಜೆ ಕಟ್ಟಿ.