ಕಾಣದ ಚಾಟಿಯ ಸದ್ದು

ಧ್ವನಿವಿನ್ಯಾಸ ಮತ್ತು ಭಾವನೆ ಕುರಿತ ಸ್ನಾತಕೋತ್ತರ ಪ್ರಬಂಧವೊಂದು ಮೊನ್ನೆ ಮೌಲ್ಯಮಾಪನಕ್ಕೆ ಬಂದಿತ್ತು. ಕೋಷ್ಟಕ, ನಕ್ಷೆ ಎಲ್ಲ ಅಚ್ಚುಕಟ್ಟು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಋತ್ವಿಕ್ ಘಟಕ್ ಅವರ 1960ರ ಬಂಗಾಳಿ ಚಿತ್ರ ‘ಮೇಘೇ ಢಾಕಾ ತಾರಾ’ ಕುರಿತ ಪುಟಗಳು. ಪ್ರೀತಿಸಿದವನ ಕೋಣೆಯಲ್ಲಿ ಬೇರೊಬ್ಬಳಿರುವುದು ತಿಳಿದು ನಾಯಕಿ ನೀತಾ ಮೆಟ್ಟಿಲಿಳಿಯುತ್ತಾಳೆ. ಕೈ ಕುತ್ತಿಗೆಗೆ ಹೋಗುತ್ತದೆ. ಚಾಟಿಯೇಟಿನ ಸದ್ದು! ತೆರೆಯ ಮೇಲೆ ಚಾಟಿಯಿಲ್ಲ, ಹೊಡೆಯುವವರೂ ಇಲ್ಲ. ಪೆಟ್ಟು ಬೀಳುವುದು ನೋಡುವವರ ಎದೆಗೆ. ಡೆಸಿಬೆಲ್ ಅಳೆದರೆ ಈ ಪೆಟ್ಟು ಸಿಗದು. ಪ್ರಬಂಧ ಬರೆದ ವಿದ್ಯಾರ್ಥಿನಿ ಈ ದೃಶ್ಯವನ್ನು ಒಮ್ಮೆ ಸದ್ದಿಲ್ಲದೆ ನೋಡಿ, ಒಮ್ಮೆ ಚಿತ್ರವಿಲ್ಲದೆ ಕೇಳಿ ಬರೆದಿದ್ದಳು. ನಾನು ಮನಸಾರೆ ಅಂಕ ಕೊಟ್ಟದ್ದು ಅದಕ್ಕೇ. ಇಂದು ಸಂಜೆ ನಿಮ್ಮ ಮೆಚ್ಚಿನ ಚಿತ್ರದ ಒಂದು ದೃಶ್ಯವನ್ನು ಕಣ್ಣು ಮುಚ್ಚಿ ಕೇಳಿ ನೋಡಿ.