ಹೆಚ್ಚಾದ ಅಕ್ಕಿ

ಪದವಿ ಪಡೆದ ನನ್ನ ಮಕ್ಕಳೇ,

ಘಟಿಕೋತ್ಸವದ ಹೊತ್ತಿನಲ್ಲಿ ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯನ್ನು ನೆನೆಯುವುದು ನಮ್ಮಲ್ಲಿ ರೂಢಿ. ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳಿದ ಬುದ್ಧಿಮಾತು ಅಲ್ಲಿದೆ. ಅದರ ಮುಂದಿನ ಅಧ್ಯಾಯವಾದ ಆನಂದವಲ್ಲಿಯನ್ನು ಇಂಥ ವೇದಿಕೆಗಳಲ್ಲಿ ಅಷ್ಟಾಗಿ ತೆರೆಯುವುದಿಲ್ಲ. ಇವತ್ತು ನಾನು ಅದನ್ನೇ ತೆರೆಯುತ್ತೇನೆ. ಅಲ್ಲಿ ನಿಮ್ಮದೇ ವಯಸ್ಸಿನ ಒಬ್ಬ ತರುಣ ಬರುತ್ತಾನೆ.

ಸುಖವನ್ನು ಅಳೆಯಲು ಹೊರಟ ಋಷಿ ಮೊದಲು ಆ ಹುಡುಗನನ್ನು ಮುಂದೆ ನಿಲ್ಲಿಸುತ್ತಾನೆ. ಅವನು ಒಳ್ಳೆಯವನು, ಚೆನ್ನಾಗಿ ಓದಿದವನು, ಚುರುಕಾದವನು, ಗಟ್ಟಿಮುಟ್ಟಾದ ಮೈಯವನು. ಐಶ್ವರ್ಯ ತುಂಬಿದ ಇಡೀ ಭೂಮಿಯೇ ಅವನದು ಅಂದುಕೊಳ್ಳಿ. ಅವನಿಗಾಗುವ ಸುಖ ಮನುಷ್ಯರ ಆನಂದದ ಒಂದು ಅಳತೆ. ಋಷಿ ಆ ಸುಖವನ್ನು ಹಳಿಯುವುದಿಲ್ಲ, ಎಣಿಕೆಯನ್ನು ಅದರಿಂದಲೇ ಶುರುಮಾಡುತ್ತಾನೆ. ಅದರ ನೂರು ಪಟ್ಟು ಮನುಷ್ಯಗಂಧರ್ವರ ಆನಂದ, ಅದರ ನೂರು ಪಟ್ಟು ದೇವಗಂಧರ್ವರದು. ಹೀಗೆ ಪಿತೃಗಳು, ಹಲವು ಬಗೆಯ ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ ಎಂದು 10 ಮೆಟ್ಟಿಲು ಏರಿ ಬ್ರಹ್ಮನ ಆನಂದವನ್ನು ಮುಟ್ಟುತ್ತಾನೆ. ಗಣಿತದ ಪದವೀಧರರು ಆಗಲೇ ಲೆಕ್ಕ ಹಾಕಿರಬೇಕು: ಒಂದರ ಮುಂದೆ 20 ಸೊನ್ನೆ.

ಆ ಸಂಖ್ಯೆಗಿಂತ ನನ್ನನ್ನು ಹೆಚ್ಚು ಕಾಡುವುದು ಆ ಮೆಟ್ಟಿಲುಗಳಲ್ಲಿ ಮರಳಿ ಮರಳಿ ಬರುವ ಮಾತು. ವೇದವನ್ನರಿತು, ಕಾಮನೆಯ ಹೊಡೆತಕ್ಕೆ ಸಿಗದೆ ಉಳಿದವನಿಗೂ ಅಷ್ಟೇ ಆನಂದ ಎನ್ನುತ್ತದೆ ಉಪನಿಷತ್ತು. ಅವನು ಗಂಧರ್ವನಾಗಬೇಕಿಲ್ಲ, ಇಂದ್ರನಾಗಬೇಕಿಲ್ಲ, ಭೂಮಿಯನ್ನು ಗೆಲ್ಲಬೇಕಾದ್ದೂ ಇಲ್ಲ.

ಇದೆಲ್ಲ ಕಾಡಿಗೆ ಹೋದವರ ಮಾತು, ಸಂಸಾರಸ್ಥರಿಗೆ ಒಗ್ಗುವುದಿಲ್ಲ ಎಂದು ನಿಮಗೆ ಅನ್ನಿಸಬಹುದು. ಹಾಗಿದ್ದರೆ 12ನೇ ಶತಮಾನದ ಕಲ್ಯಾಣಕ್ಕೆ ಬನ್ನಿ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿರುವ ಅಮರೇಶ್ವರದಿಂದ ಗಂಡ ಹೆಂಡತಿ ಇಬ್ಬರು ಅಲ್ಲಿಗೆ ಬಂದಿದ್ದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಅದನ್ನು ಬೇಯಿಸಿ ಶಿವನಿಗೆ ಅರ್ಪಿಸಿ, ಬಂದ ಜಂಗಮರಿಗೆ ಉಣಿಸಿ, ಆಮೇಲೆ ಇವರ ಊಟ. ಒಮ್ಮೆ ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತಾಗ ಹೆಂಡತಿ ಲಕ್ಕಮ್ಮ, ಕಾಯಕ ನಿಂತುಹೋಯಿತು, ಮೊದಲು ಅದನ್ನು ನೋಡಿ ಎಂದು ಅವನನ್ನು ಎಬ್ಬಿಸಿ ಕಳಿಸಿದಳು. ದೇವರ ಹೆಸರಿನಲ್ಲಿ ಕೆಲಸ ತಪ್ಪಿಸಿಕೊಳ್ಳುವುದಕ್ಕೆ ಆ ಮನೆಯಲ್ಲಿ ಜಾಗವಿರಲಿಲ್ಲ.

ಅವನು ಮರಳಿ ಬಂದಾಗ ಎಂದಿಗಿಂತ ಹೆಚ್ಚು ಅಕ್ಕಿ ತಂದಿದ್ದ. ಕದ್ದದ್ದಲ್ಲ, ಬೇಡಿದ್ದಲ್ಲ, ಬಿದ್ದದ್ದನ್ನು ಆಯ್ದದ್ದು. ನಾಳೆಗಾಗುತ್ತದೆ ಎಂದು ಯಾವ ಮನೆಯಲ್ಲಾದರೂ ತೆಗೆದಿಡುತ್ತಿದ್ದರು. ಲಕ್ಕಮ್ಮ ನೋಡಿದಳು, ಇದು ನಮ್ಮ ದಿನದ ಅಕ್ಕಿಯಲ್ಲ ಎಂದಳು. ಹೀಗೆ ಆಸೆಪಡುವುದು ಅರಸರಿಗಿರಲಿ, ಶಿವಭಕ್ತರಿಗೆ ಯಾಕೆ ಎಂದು ಕೇಳಿ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಬಡವಿಯೊಬ್ಬಳು ಹೀಗೆ ಹೇಳಬೇಕಾದರೆ ಅವಳೊಳಗೆ ಎಷ್ಟು ತುಂಬಿತ್ತು, ಯೋಚಿಸಿ. ಬರಿಯ ಸಂಯಮದಿಂದ ಬರುವ ಮಾತಲ್ಲ ಇದು. ಶಿವನಿಂದ ಮನಸ್ಸು ತುಂಬಿದವರಿಗೆ ಮಾತ್ರ ಹೆಚ್ಚಾದದ್ದು ಹೆಚ್ಚೆಂದು ಕಾಣುತ್ತದೆ, ಉಳಿದವರಿಗೆ ಎಷ್ಟಿದ್ದರೂ ಅದು ಕಡಿಮೆಯೇ.

ಇನ್ನು ಕೆಲವು ತಿಂಗಳಲ್ಲಿ ನಿಮ್ಮಲ್ಲಿ ಹಲವರ ಮೊಬೈಲಿಗೆ ಮೊದಲ ಸಂಬಳ ಜಮಾ ಆದ ಮೆಸೇಜು ಬರುತ್ತದೆ. ಆ ಖುಷಿಯನ್ನು ಪೂರ್ತಿ ಅನುಭವಿಸಿ, ಅಮ್ಮನಿಗೊಂದು ಸೀರೆ ತನ್ನಿ. ನನ್ನ ಕಳವಳ ಆಮೇಲಿನ ವರ್ಷಗಳದು. ಸಂಬಳ ಏರುತ್ತದೆ, ಹಿಂದೆಯೇ ಸಾಲದ ಕಂತೂ ಏರುತ್ತದೆ. ಸೈಟಾದ ಮೇಲೆ ಮನೆ, ಮನೆಯಾದ ಮೇಲೆ ಇನ್ನೊಂದು ಮನೆ. ಎಲ್ಲ ಇದ್ದೂ ಒಂದು ರಾತ್ರಿ ನಿದ್ದೆ ಬಾರದೆ, ಏನು ಕಡಿಮೆಯಾಗಿದೆ ನನಗೆ ಎಂದು ಕೇಳಿಕೊಳ್ಳುತ್ತೀರಿ. ಆ ಖಾಲಿತನವನ್ನು ನಿಮ್ಮ ಸೋಲೆಂದು ತಿಳಿಯಬೇಡಿ. ಅದು ದೇವರಿಗಾಗಿ ಇರುವ ಹಸಿವು, ಬೇರೆ ಏನು ಹಾಕಿದರೂ ಅಡಗುವುದಿಲ್ಲ. ಮನಃಶಾಂತಿ, ನೆಮ್ಮದಿ ಎಂಬ ಮಾತುಗಳಲ್ಲಿ ಇದನ್ನು ಹೇಳಿ ನಾನು ಇಳಿದುಹೋಗಬಹುದಿತ್ತು. ಆದರೆ ನಾನು ನಂಬಿದ್ದು ದೇವರನ್ನು, ಆದ್ದರಿಂದ ದೇವರ ಹೆಸರನ್ನೇ ಹೇಳುತ್ತೇನೆ. ಶಿವನೆನ್ನಿ, ವಿಠಲನೆನ್ನಿ, ಅಲ್ಲಾಹನೆನ್ನಿ, ಯೇಸುವೆನ್ನಿ; ದಿನಕ್ಕೆ ಸ್ವಲ್ಪ ಹೊತ್ತು ಫೋನನ್ನು ದೂರವಿಟ್ಟು ಅವನ ಮುಂದೆ ಕೂರಿ. ಪರೀಕ್ಷೆಯ ಮುಂಚೆ ಬೇಡಿದ ಹಾಗೆ ಬೇಡುವುದಕ್ಕಲ್ಲ, ಸುಮ್ಮನೆ ಅವನ ಜೊತೆ ಇರುವುದಕ್ಕೆ.

ಅದೇ ಉಪನಿಷತ್ತಿನ ಕೊನೆಯ ಅಧ್ಯಾಯದಲ್ಲಿ ಭೃಗು ತನ್ನ ತಂದೆ ವರುಣನ ಬಳಿ ಹೋಗಿ ಬ್ರಹ್ಮವನ್ನು ತಿಳಿಸು ಎನ್ನುತ್ತಾನೆ. ತಪಸ್ಸು ಮಾಡು ಎನ್ನುತ್ತಾನೆ ತಂದೆ. ಅನ್ನವೇ ಬ್ರಹ್ಮವೆಂದು ಭೃಗುವಿಗೆ ಹೊಳೆಯುತ್ತದೆ. ತೃಪ್ತಿಯಾಗದೆ ಮತ್ತೆ ಬರುತ್ತಾನೆ. ಪ್ರಾಣ, ಮನಸ್ಸು, ವಿಜ್ಞಾನ, ಒಂದೊಂದನ್ನೂ ಕಂಡು ಮತ್ತೆ ಮತ್ತೆ ತಂದೆಯ ಮುಂದೆ ನಿಲ್ಲುತ್ತಾನೆ. ಆನಂದವೇ ಬ್ರಹ್ಮವೆಂದು ಅರಿತ ಮೇಲೆ ಮತ್ತೆ ಬರುವುದಿಲ್ಲ. ಅಧ್ಯಾಯ ಅಲ್ಲಿಗೇ ಮುಗಿಯುವುದೂ ಇಲ್ಲ. ಕೂಡಲೇ ಅನ್ನದ ಮಾತು ಬರುತ್ತದೆ: ಅನ್ನವನ್ನು ನಿಂದಿಸಬೇಡ, ಬಹಳವಾಗಿ ಬೆಳೆ, ನಿನ್ನ ಮನೆಗೆ ಬಂದ ಯಾರನ್ನೂ ಹಿಂದಕ್ಕೆ ಕಳಿಸಬೇಡ.

ಮಕ್ಕಳೇ, ಭೃಗುವಿನ ಅತೃಪ್ತಿ ನಿಮ್ಮಲ್ಲಿರಲಿ, ಅವನು ಕಂಡದ್ದು ನಿಮಗೂ ಕಾಣಲಿ. ನಿಮ್ಮ ಮನೆಯ ಬಾಗಿಲು ಬಂದವರಿಗೆಲ್ಲ ತೆರೆದಿರಲಿ.