ಜ್ವರ ಬಿಟ್ಟ ಮೇಲೆ

‘ಜ್ವರ ಬಿಟ್ಟಿತು’ ಎಂಬುದು ನಮ್ಮ ಮನೆಗಳಲ್ಲಿ ಸಮಾಧಾನದ ಮಾತು. ಹಿಡಿದ ಪೀಡೆಯೊಂದು ತಾನಾಗಿ ತೊಲಗಿತೆಂಬ ಭಾವ ಅದರಲ್ಲಿದೆ. ಆದರೆ ಜ್ವರ ಬಿಟ್ಟ ಮಾತ್ರಕ್ಕೆ ರೋಗವೂ ಬಿಟ್ಟಿತೆನ್ನಲಾಗದು. ಕೆಲವು ವೈರಸ್ ಸೋಂಕುಗಳಲ್ಲಿ, ಮೈ ತಣ್ಣಗಾದ ಮೇಲೆ ಹೃದಯದ ಸ್ನಾಯುವಿನಲ್ಲಿ ಉರಿಯೂತ ಕಾಣಿಸಿಕೊಳ್ಳುವುದುಂಟು. ವೈದ್ಯರು ಇದನ್ನು ಮಯೋಕಾರ್ಡೈಟಿಸ್ ಎನ್ನುತ್ತಾರೆ.

೧೯೪೮ರಲ್ಲಿ ಅಮೆರಿಕದ ಗಿಲ್ಬರ್ಟ್ ಡಾಲ್ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ಎಂಬ ಸಂಶೋಧಕರು, ಪೋಲಿಯೊದಂತಹ ಲಕ್ಷಣಗಳಿದ್ದ ಮಕ್ಕಳ ಮಲದಿಂದ ಹೊಸ ವೈರಸ್ಸೊಂದನ್ನು ಬೇರ್ಪಡಿಸಿದರು. ಆ ಮಕ್ಕಳು ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ದಡದಲ್ಲಿರುವ ಕಾಕ್ಸಾಕಿ ಎಂಬ ಪುಟ್ಟ ಊರಿನವರು. ವೈರಸ್ಸಿಗೂ ಆ ಊರಿನ ಹೆಸರೇ ನಿಂತಿತು. ಅದರ ‘ಬಿ’ ಗುಂಪಿನವು ಹೃದಯವನ್ನೂ ಬಾಧಿಸಬಲ್ಲವೆಂದು ಮುಂದೆ ತಿಳಿದುಬಂದಿತು. ಫ್ಲೂ, ಡೆಂಗಿ, ೨೦೨೦ರಲ್ಲಿ ಲೋಕವನ್ನೇ ಮನೆಯೊಳಗೆ ಕೂರಿಸಿದ ಕೋವಿಡ್, ಇವೂ ಆ ಸಾಲಿಗೆ ಸೇರಿವೆ. ಸೋಂಕು ತಗುಲಿದ ಬಹುಮಂದಿಗೆ ಈ ತೊಂದರೆ ಬರುವುದಿಲ್ಲ. ಬಂದವರಲ್ಲಿಯೂ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಹಾಗೆಂದು ಉದಾಸೀನ ಸಲ್ಲದು.

ಇದರ ಬಗೆ ವಿಚಿತ್ರವಾದುದು. ವೈರಸ್ಸು ಹೃದಯದ ಜೀವಕೋಶಗಳನ್ನು ಹೊಕ್ಕು ಹಾಳುಮಾಡುತ್ತದೆ. ಅದನ್ನು ಅಟ್ಟಲು ದೇಹದ ರಕ್ಷಣಾಪಡೆ ಧಾವಿಸುತ್ತದೆ. ಕೆಲವೊಮ್ಮೆ ಶತ್ರು ಅಳಿದ ಮೇಲೂ ಪಡೆ ಹಿಂದೆಗೆಯದೆ, ತಾನು ಕಾಯಬೇಕಾದ ಸ್ನಾಯುವನ್ನೇ ಬಡಿಯುತ್ತದೆ. ಕೈ ಮುರಿದರೆ ಕಟ್ಟುಹಾಕಿ ಅಲುಗದಂತೆ ಇರಿಸಬಹುದು. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುವ ಹೃದಯಕ್ಕೆ ಅಂತಹ ಬಿಡುವೆಲ್ಲಿ? ಊದಿಕೊಂಡ ಸ್ನಾಯು ರಕ್ತವನ್ನು ನೂಕಲಾರದೆ ದಣಿಯುತ್ತದೆ. ಬಡಿತದ ಲಯ ತಪ್ಪುತ್ತದೆ. ಇಂತಹ ಸ್ಥಿತಿಯಲ್ಲಿ ಓಟ, ಆಟ, ಭಾರ ಎತ್ತುವ ಕೆಲಸಕ್ಕೆ ಇಳಿದರೆ, ಗಟ್ಟಿಮುಟ್ಟಾದ ತರುಣನೂ ಥಟ್ಟನೆ ಕುಸಿದು ಪ್ರಾಣ ಕಳೆದುಕೊಳ್ಳಬಹುದು.

ಜ್ವರದ ದಿನಗಳಲ್ಲಾಗಲಿ, ಅನಂತರದ ವಾರಗಳಲ್ಲಾಗಲಿ ಎದೆನೋವು, ಏದುಸಿರು, ಎದೆ ಡವಗುಟ್ಟುವುದು, ಕಾಲಿನ ಬಾವು, ಕಣ್ಣು ಕತ್ತಲಿಟ್ಟು ಬೀಳುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಸಿಜಿ, ಟ್ರೊಪೋನಿನ್ ಎಂಬ ರಕ್ತಪರೀಕ್ಷೆ, ಎಕೊ, ಬೇಕಾದರೆ ಎಂಆರ್‌ಐ, ಇವುಗಳಿಂದ ರೋಗವನ್ನು ಗುರುತಿಸುತ್ತಾರೆ. ರೋಗ ಖಚಿತವಾದವರು ಶ್ರಮದ ಕೆಲಸ ಮತ್ತು ಕ್ರೀಡೆಗಳಿಂದ ೩ರಿಂದ ೬ ತಿಂಗಳು ದೂರವಿರಬೇಕೆಂಬುದು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿರುವ ಮಾತು; ಅವಧಿಯನ್ನು ರೋಗಿಯ ಸ್ಥಿತಿ ನೋಡಿ ಅವರೇ ಗೊತ್ತುಮಾಡುತ್ತಾರೆ.

ಜ್ವರ ಬಿಟ್ಟವನಿಗೆ ಗಂಜಿ, ತಿಳಿಸಾರು ಕೊಟ್ಟು, ಕೆಲವು ದಿನ ಗುದ್ದಲಿ ಮುಟ್ಟಗೊಡದ ಹಿರಿಯರು ನಮ್ಮಲ್ಲಿದ್ದರು. ಅವರಿಗೆ ವೈರಸ್ಸಿನ ಹೆಸರು ತಿಳಿದಿರಲಿಲ್ಲ. ಬಳಲಿದ ದೇಹಕ್ಕೆ ಕಾಲಾವಕಾಶ ಬೇಕೆಂಬುದು ತಿಳಿದಿತ್ತು. ಇಂದು ಕೂಲಿ ತಪ್ಪೀತೆಂಬ ಭಯ ಒಬ್ಬನಿಗೆ, ಪಂದ್ಯ ತಪ್ಪೀತೆಂಬ ಆತುರ ಇನ್ನೊಬ್ಬನಿಗೆ. ಕನ್ನಡದಲ್ಲಿ ಧೈರ್ಯಕ್ಕೆ ‘ಎದೆಗಾರಿಕೆ’ ಎಂಬ ಸೊಗಸಾದ ಪದವಿದೆ. ಎದೆಯ ನೋವನ್ನು ಅಡಗಿಸಿಟ್ಟು ದುಡಿಯುವುದಕ್ಕೆ ಆ ಹೆಸರು ಸಲ್ಲದು. ‘ಇನ್ನೂ ಸುಸ್ತಾಗುತ್ತದೆ’ ಎಂದು ಮನೆಯ ಮಗ ಹೇಳಿದಾಗ ಅದನ್ನು ಸೋಮಾರಿತನವೆನ್ನದೆ ಕಿವಿಗೊಡುವುದು, ಅವನಿಗೆ ನಾಲ್ಕು ದಿನದ ಬಿಡುವು ದೊರಕಿಸುವುದು, ಮನೆಯವರ ಮತ್ತು ಕೆಲಸ ಕೊಟ್ಟವರ ಹೊಣೆ.